ಬೀಗದ ಕೋಣೆ

ಮೊದಲ ಡಾಕ್ಟರು ಮಕ್ಕಳ ಶಾಲೆ ಕೇಳಿದರು.
ಎರಡನೆಯವರು ಮಂಜು ನೋಡಿ, ಫೋಟೋ ತೆಗೆದು, ಹೋದರು.
ನೀವು ಮೂರನೆಯವರು.

ಗೋಣಿಕೊಪ್ಪದಿಂದ ಕರೆತರುವಾಗ ಹೇಳಲಿಲ್ಲ ನಾನು, ಡ್ರೈವರ್ ಮೊಯ್ದು:
ನೀವು ಕೂತ ಸೀಟಿನ ಹಿಂದೆಯೇ
ಎರವರ ಚಿಮ್ಮಿ, ಹತ್ತೊಂಬತ್ತು ವರ್ಷ,
ತಿತಿಮತಿ ಕಾಡಲ್ಲಿ ಉಸಿರು ನಿಲ್ಲಿಸಿದಳೆಂದು.
ರಸ್ತೆಗಡ್ಡ ಆನೆ, ಪಕ್ಕದಲ್ಲಿ ಮರಿ.
ಹಾರನ್ ಹೊಡೆಯುವಂತಿರಲಿಲ್ಲ.

ಸಿಸ್ಟರ್ ಲೆಟೀಷಿಯಾ ಬೀಗ ತೆಗೆದರು.
ಪ್ಲಾಸ್ಟಿಕ್ ಹೊದ್ದು ನಿಂತ ಹೃದಯದ ಯಂತ್ರ,
ಅದರ ಮೇಲೆ ಗೋದಲಿಯ ಕಿವಿ ಮುರಿದ ಕತ್ತೆ,
ಮೂಲೆಗೆ ಕಾಳುಮೆಣಸಿನ ಎರಡು ಮೂಟೆ.

"ನಾನು ಪ್ರಾರ್ಥಿಸುವವನಲ್ಲ," ಎಂದಿರಿ.
"ಅದಕ್ಕೆ ನಾವಿದ್ದೇವೆ, ನಾಲ್ಕು ಜನ," ಎಂದರು ಸಿಸ್ಟರ್,
ಬೆವರಿದ ಅಂಗೈ ಸೆರಗಿಗೆ ಒರೆಸುತ್ತ.

ನೀವು ಕತ್ತೆಯನ್ನೆತ್ತಿ ಕಿಟಕಿಯಲ್ಲಿಟ್ಟು
ನೆಲಕ್ಕೆ ಮೊಣಕಾಲೂರಿದಿರಿ.
ಒಂದು ಗಳಿಗೆ ನಾವೆಲ್ಲ ತಪ್ಪು ತಿಳಿದೆವು.

"ಪ್ಲಗ್ ಎಲ್ಲಿ?" ಕೇಳಿದಿರಿ.