ಎಡಗೈ ತೋರುಬೆರಳು

ಶುಕ್ರವಾರದ ಉಪವಾಸಕೂಟದಲ್ಲಿ ಜೀವರತ್ನಮ್ಮ
ಚಿಕ್ಕಬಳ್ಳಾಪುರವನ್ನು ಬೀದಿಬೀದಿಯಾಗಿ ಹಿಡಿದುಕೊಂಡರು.
ತಾಲ್ಲೂಕು ಕಚೇರಿಯ ಮೇಲಿನ ದುರಾತ್ಮವೇ, ಕಟ್ಟಿದ್ದೇನೆ;
ಬಸ್ ನಿಲ್ದಾಣದ ಮೇಲಿನದೇ, ಕಟ್ಟಿದ್ದೇನೆ;
ಹೂವಿನ ಮಂಡಿಯಲ್ಲಿ ತೂಕ ಕದಿಯುವವನೇ, ನಿನ್ನನ್ನೂ.
ಮಿಷನ್ ಆಸ್ಪತ್ರೆಯಲ್ಲಿ ಮೂವತ್ತು ವರ್ಷ
ಗಾಯಕ್ಕೆ ಬಟ್ಟೆ ಸುತ್ತಿದ ಕೈ;
ಗಂಟು ಬಿಗಿಯಾಗಿಯೇ ಬೀಳುತ್ತಿತ್ತು.

ನನ್ನ ಚೀಲದಲ್ಲಿ ಆದೇಶಪತ್ರ:
ಸುಜಯಾ ಸಮಾಧಾನಂ, ಸಹಶಿಕ್ಷಕಿ,
ಬಾಗೇಪಲ್ಲಿಯಿಂದಾಚೆ ಒಂದು ಮತಗಟ್ಟೆ,
ಕೆಲಸ, ಬೆರಳಿಗೆ ಮಸಿ ಹಚ್ಚುವುದು.
ಹನ್ನೊಂದು ಕೈ ನನ್ನ ತಲೆಯ ಮೇಲೆ.
ಶಿರಸ್ತ್ರಾಣ ತೊಡಿಸಿದರು, ಎದೆಕವಚ ತೊಡಿಸಿದರು,
ಗುರಾಣಿ ಕೊಟ್ಟು ಕಳಿಸಿದರು.
ಮನೆಗೆ ಬಂದು ಮೂರು ಚಪಾತಿ, ಸೊಳ್ಳೆಬತ್ತಿ,
ಒಂದು ದುಪ್ಪಟಿ ಕಟ್ಟಿಕೊಂಡೆ.

ಒಂದು ಮಾತು ಆಗ ಹೇಳಲಿಲ್ಲ.
ಹಿಂದಿನ ಭಾನುವಾರ, ಆರಾಧನೆ ಮುಗಿದ ಮೇಲೆ,
ಬಿಳಿ ಕಾರಿನಿಂದ ಇಳಿದವರೊಬ್ಬರು
ಕಾಂಪೌಂಡ್ ಗೋಡೆಗೆಂದು
ಸಭೆಯ ಕಾರ್ಯದರ್ಶಿಯ ಕೈಗೆ ಲಕೋಟೆ ಇಟ್ಟರು.
"ನಿಮ್ಮ ಜನ ಒಗ್ಗಟ್ಟಿನವರು" ಎಂದು ನಕ್ಕರು.
ಕಾರ್ಯದರ್ಶಿ "ದೇವರಿಗೆ ಸ್ತೋತ್ರ" ಅಂದರು.
ನಾವೆಲ್ಲ ಚಪ್ಪಾಳೆ ತಟ್ಟಿದೆವು.
ನನ್ನದು ಸಣ್ಣ ಚಪ್ಪಾಳೆ. ಆದರೂ ತಟ್ಟಿದೆ.

ರಾತ್ರಿ ಶಾಲೆಯ ಬೆಂಚು, ಪಕ್ಕದಲ್ಲಿ ಯಂತ್ರ.
ಎಂಟಕ್ಕೆ ಯಾರೋ ಬಿರಿಯಾನಿ ತಂದು
ಮುಚ್ಚಳ ಸರಿಸಿ ತೋರಿಸಿದರು.
ಸೈತಾನನಿಗೆ ಗಂಧಕದ ವಾಸನೆ ಅಂತ ಹೇಳಿದವರು ಯಾರು?
ಪುದೀನ, ಲವಂಗ, ಕೆಂಪಗೆ ಹುರಿದ ಈರುಳ್ಳಿ.
ನನ್ನ ಬಾಯಲ್ಲಿ ನೀರೂರಿತ್ತು.
ಪ್ರಿಸೈಡಿಂಗ್ ಆಫೀಸರ್ ಮಕ್ಬೂಲ್ ಸಾಹೇಬರು
ನಮಾಜಿನ ಚಾಪೆ ಸುತ್ತುತ್ತಾ, ತಲೆ ಎತ್ತದೆ,
"ನಮ್ಮದು ಬುತ್ತಿ ಇದೆ, ತಗೊಂಡು ಹೋಗಿ" ಅಂದರು.
ಅವರ ಬುತ್ತಿ ಇರಲಿಲ್ಲ.
ಮೂರು ಚಪಾತಿಯನ್ನು ನಾಲ್ವರು ತಿಂದೆವು.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ
ಮುದುಕಿಯೊಬ್ಬಳ ತೋಳು ಹಿಡಿದು ಅವನು ಬಂದ.
"ಅವ್ವನಿಗೆ ಕಣ್ಣಿಲ್ಲ, ನಾನೇ ಒತ್ತುತೀನಿ."
ಬಲಗೈ ಟವೆಲಿನೊಳಗಿತ್ತು. ತೋರಿಸಿ ಅಂದೆ.
ಜೊತೆಗಾರರಿಗೆ ಬಲಬೆರಳಿಗೆ ಎಳೆಯುವ ಗೆರೆ
ಆಗಲೇ ಅಲ್ಲಿತ್ತು. ನಾನೇ ಎಳೆದದ್ದು, ಒಂಬತ್ತಕ್ಕೆ,
ಇನ್ನೊಬ್ಬ ಅವ್ವನಿಗಾಗಿ.

"ಆಗುವುದಿಲ್ಲ."
ಇಷ್ಟೇ ಅಂದದ್ದು.
ಕವಚ, ಕತ್ತಿ ಎಲ್ಲಿ ಹೋಗಿದ್ದವೋ,
ಕೈಗೆ ಸಿಕ್ಕಿದ್ದು ಒಂದು ಕ್ರಿಯಾಪದ,
ಅದೂ ನಡುಗುತ್ತಿತ್ತು.

ಕೊರಳಲ್ಲಿ ತೂಗುತ್ತಿದ್ದ ನನ್ನ ಹೆಸರನ್ನು
ಅವನು ನಿಧಾನವಾಗಿ ಓದಿದ.
"ನಿಂದು ಯಾವ ಮತಮ್ಮಾ?"
"ಗುಪ್ತ" ಅಂದೆ.
ಸಾಲಿನಲ್ಲಿ ಯಾರೋ ಕಿಸಕ್ಕೆಂದರು.
ಮಕ್ಬೂಲ್ ಸಾಹೇಬರು ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು.
ಮುದುಕಿ ತೋಳು ಕೊಸರಿಕೊಂಡು, ತೆಲುಗಿನಲ್ಲಿ,
ತನ್ನ ಕಣ್ಣು ನೆಟ್ಟಗೇ ಇದೆ ಅಂದಳು,
ಇದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ.
ಎಡಗೈ ಚಾಚಿದಳು.
ಹುಣಸೆ ಬಿಡಿಸಿ ಬಿಡಿಸಿ ಕಪ್ಪಾದ ಉಗುರು,
ಮಸಿ ಕಾಣಲು ಜಾಗ ಹುಡುಕಬೇಕಾಯಿತು.

ನನ್ನ ಓಟು ಅಂಚೆಯಲ್ಲಿ ಹೋಗಿತ್ತು.
ಯಾರಿಗೆಂದು ಜೀವರತ್ನಮ್ಮನಿಗೂ ಹೇಳಿಲ್ಲ.
ಆ ಊರಲ್ಲಿ ಯಾರು ಗೆದ್ದರೋ, ಪೇಪರಿನಲ್ಲಿ ಹುಡುಕಲಿಲ್ಲ.

ಮತ್ತೆ ಶುಕ್ರವಾರ.
ಮಸಿಸೀಸೆ ಸೋರಿ ನನ್ನ ಐದು ಬೆರಳೂ ಕಪ್ಪು.
ಕಿಟಕಿಯಾಚೆ ಅರ್ಧ ಎದ್ದ ಗೋಡೆ, ಸಿಮೆಂಟಿನ ಮೂಟೆ.
"ಈ ಹೊತ್ತು ಯಾವುದನ್ನು ಕಟ್ಟಬೇಕು?"
ಕಣ್ಣು ಮುಚ್ಚಿಯೇ ಕೇಳಿದರು.
ಬೆರಳು ತೋರಿಸಿದೆ.
ಮುಚ್ಚಿದ ಕಣ್ಣಿಗೆ ಬೆರಳು ಕಾಣದು,
ಬಾಯಿ ಬಿಡಬೇಕಾಯಿತು. "ಗೋಡೆ."
"ಅದನ್ನ ಕಟ್ತಾ ಇದಾರಲ್ಲಮ್ಮ."
"ಅದಕ್ಕೆ ಬಂದ ದುಡ್ಡು."

ಬಹಳ ಹೊತ್ತು ಫ್ಯಾನಿನ ಸದ್ದು ಮಾತ್ರ.
ಜೀವರತ್ನಮ್ಮ ಒಂದು ಕಣ್ಣು ತೆರೆದರು.
"ರಸೀದಿ ಕೊಟ್ಟರಾ?"
"ಇಲ್ಲ."
ಮಂಡಿ ಹಿಡಿದು, ಆಮೆನ್ ಅನ್ನದೆ, ಎದ್ದರು.
ಕಾರ್ಯದರ್ಶಿಯ ಮನೆ ಎರಡು ಬೀದಿ ಆಚೆ.
ಬಾಗಿಲಲ್ಲಿ ಬಗ್ಗಿ
ಚಪ್ಪಲಿ ಹುಡುಕತೊಡಗಿದರು.