ಗಂಟೆ ಕಟ್ಟಿದ ದಾರ

ಔಲು ಊರಿನ ಹೆಪ್ಪುಗಟ್ಟಿದ ಕೊಲ್ಲಿಯಲ್ಲಿ
ಓಸ್ಮೊ ಮಂಜುಗಡ್ಡೆ ಕೊರೆದು, ಗಾಳ ಇಳಿಬಿಟ್ಟು,
ದಾರಕ್ಕೊಂದು ಗಂಟೆ ಕಟ್ಟಿ
ಕಾಫಿಗೆ ಹೋಗಿಬಿಡುತ್ತಾನೆ.
ತೂತಿನೊಳಗೆ ಇಣುಕುತ್ತ ಕೂರುವವನಲ್ಲ.

ಅವನ ಅಕ್ಕ ಹೆಲ್ವಿ ಬರೆದ ಹ್ಯಾಶ್ ಡ್ರೈವರೂ ಹಾಗೇ:
ಚಿಪ್‌ಗೆ ಬೈಟುಗಳ ಒಪ್ಪಿಸಿ
‘ನಡೆಯುತ್ತಿದೆ’ ಎಂದಷ್ಟೇ ಹೇಳಿ
ಕರ್ನಲನ್ನು ಬೇರೆ ಕೆಲಸಕ್ಕೆ ಕಳಿಸುತ್ತದೆ.

ನಿನ್ನೆ ಇರುಳು ಗಂಟೆ ಬಡಿಯಿತು;
ಮೀನು ಹಾಕಲು ಬುಟ್ಟಿಯೇ ಇರಲಿಲ್ಲ.
ಕೋರಿಕೆಯ ನೆನಪನ್ನು ಯಾರೋ
ಮೊದಲೇ ಬಿಡುಗಡೆ ಮಾಡಿದ್ದರು.
ಯಾರೋ ಏನು, ಅವಳೇ. ಸಾಲು ಇನ್ನೂರ ಹನ್ನೆರಡು.

ತಿದ್ದಿದಳು. ಈಗ
ಅರವತ್ತನಾಲ್ಕು ತುಂಬದ ಹದಿಮೂರು ಬೈಟು
ಬಫರಿನಲ್ಲಿ ಮುದುಡಿ ಕೂತಿವೆ,
ಇನ್ನಷ್ಟು ಬರುತ್ತವೋ,
ಇಷ್ಟೇ ಅನ್ನುತ್ತಾರೋ.

ಮಧ್ಯಾಹ್ನ ಮೂರಕ್ಕೇ ಕತ್ತಲೆ.
ಗಾಳಿಗೋ, ಮೀನಿಗೋ,
ಕೊಲ್ಲಿಯ ಕಡೆ ಒಂದು ಗಂಟೆ.