ಗುರುತಿನ ದಾರ

ಫೋರ್ಟಿನ ಹಳೇ ಕಟ್ಟಡ, ಎರಡನೇ ಮಹಡಿ.
ಕಿಟಕಿ ತೆರೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ,
ಗರಿ ಹಾರುತ್ತವೆ ಎನ್ನುತ್ತಾರೆ ಪೆರಿನ್ ಮೇಡಂ.
ಹಾರಿ ನೂರು ವರ್ಷವಾದವುಗಳ ಗರಿ.

ನನ್ನದು ಹನ್ನೊಂದು ತಿಂಗಳ ಗುತ್ತಿಗೆ.
ಖಾನೆ ಎಳೆ, ಹಕ್ಕಿ ಎತ್ತು,
ಕಾಲಿಗೆ ಕಟ್ಟಿದ ಚೀಟಿ ಓದು, ಕಂಪ್ಯೂಟರಿಗೆ ತುಂಬು:
ಹೆಸರು, ಗಂಡೋ ಹೆಣ್ಣೋ, ತಾರೀಖು.
ಕೊನೆಯ ಅಂಕಣ, ಆವಾಸ.

ಎಲ್ಲವೂ ಅಂಗಾತ ಮಲಗಿವೆ,
ಕಣ್ಣಿದ್ದಲ್ಲಿ ಹತ್ತಿ, ಸುತ್ತ ನುಸಿಗುಳಿಗೆಯ ವಾಸನೆ,
ಲೋಕಲ್ ಟ್ರೇನಿನ ನಾಲ್ಕನೇ ಸೀಟಿನವರ ಹಾಗೆ
ಒಂದರ ಭುಜ ಇನ್ನೊಂದಕ್ಕೆ ಒತ್ತಿ.

ಧ್ರುವದ ರೀವ: ಹಿಮದಿಂದ ಹಿಮಕ್ಕೆ, ನಡುವೆ ಇಡೀ ಭೂಮಿ.
ಹೆಬ್ಬೆರಳಿಗಿಂತ ಚಿಕ್ಕ ಝೇಂಕಾರದ ಹಕ್ಕಿ: ಆಂಡೀಸಿನ ಮೋಡಗಾಡು.
ಕೀವಿ: ಜರಿಗಿಡದ ಬುಡ, ಬಿಲ, ಕತ್ತಲೆ.
ಪಟ್ಟೆತಲೆ ಹೆಬ್ಬಾತು: ಟಿಬೆಟ್ಟಿನ ಉಪ್ಪುಸರೋವರ.
ಹಿಮಾಲಯ ದಾಟಿದ್ದಕ್ಕೆ ಎರಡಡಿ ಟ್ರೇ ಸಾಲದೆ
ಕುತ್ತಿಗೆ ಮಡಿಸಿಕೊಂಡಿದೆ.
ರಾಜಹಂಸ: ಶಿವಡಿಯ ಕೆಸರು.
ಇದೊಂದು ಹೊಸದು, ತೊಂಬತ್ತೆಂಟರದ್ದು,
ಇದಕ್ಕೆ ಭೂಪಟ ಹುಡುಕಲಿಲ್ಲ. ನಾನು ಹಾರ್ಬರ್ ಲೈನಿನವಳು.

ಚೀಟಿಯ ದಾರ ಮುಟ್ಟಿದಾಗೆಲ್ಲ ಅಪ್ಪನ ಬೆರಳು.
ಮಾಟುಂಗದಲ್ಲಿ ಮೆಟ್ಟಿಲ ಕೆಳಗಿನ ಲಾಂಡ್ರಿ,
ಕಾಲರಿನ ಒಳಮೈಗೆ ಕೇರುಬೀಜದ ಮಸಿ.
ಎರಡು ಚುಕ್ಕೆ ಒಂದು ಗೀಟು: ಮೂರನೇ ಮಾಳಿಗೆಯ ಅಯ್ಯರ್.
ಗೀಟಿಗೆ ಕೊಂಬು: ಪೇಡಣೇಕರ್ ವಕೀಲರು.
ಹಸಿರು ದಾರ: ಹೆರಿಗೆ ಆಸ್ಪತ್ರೆಯ ದುಪ್ಪಟಿ, ಬೇರೆ ಕುದಿಸು.
ಓದು ಬಾರದ ಅಪ್ಪ
ನಾನೂರು ಮನೆಗಳ ವಿಳಾಸ ಬೆರಳ ತುದಿಯಲ್ಲಿ ಇಟ್ಟಿದ್ದ.
ನಮ್ಮ ಬಟ್ಟೆಗೆ ಮಾತ್ರ ಗುರುತಿರಲಿಲ್ಲ.
ಗುರುತಿಲ್ಲದ್ದೆಲ್ಲ ನಮ್ಮದು, ಅಷ್ಟೇ ಲೆಕ್ಕ.

ಮಂಗಳವಾರ. ನಲವತ್ತೊಂದನೇ ಖಾನೆ.
ಕಪ್ಪು, ಬಿಳಿ, ಈಗಷ್ಟೇ ಇಸ್ತ್ರಿ ಮುಗಿದ ಹಾಗೆ ಅಂಚು.
ಚೀಟಿಯಲ್ಲಿ ಲ್ಯಾಟಿನ್, ಕೆಳಗೆ ಇಂಗ್ಲಿಷ್.
ಚಹಾ ತಂದ ದಗಡೂ ಇಣುಕಿ, "ಅರೆ, ದಯಾಳ" ಎಂದ.
ನನ್ನ ಬಾಯಿ ತಾನಾಗಿ ಅಂದಿತು: ಮಡಿವಾಳ.
ಅಂದು, ತಟ್ಟನೆ ಹಿಂದೆ ನೋಡಿದೆ,
ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ
ಕೊನೇ ಬೆಂಚಿನಿಂದ ಆ ಶಬ್ದ ಬಂದು ಬೆನ್ನಿಗೆ ಬಿದ್ದಾಗ
ನೋಡುತ್ತಿದ್ದ ಹಾಗೆ.
ಇಲ್ಲಿ ಯಾರೂ ನಗಲಿಲ್ಲ. ದಗಡೂ ಲೋಟ ಎತ್ತಿಕೊಂಡು ಹೋದ.
ಆವಾಸ: ತೋಟ, ಹಿತ್ತಲು, ಮನುಷ್ಯರ ಮನೆಯ ಹತ್ತಿರ.
ಹತ್ತಿರ. ಒಳಗಲ್ಲ.
ಗಂಟು ಹೊತ್ತ ಅಪ್ಪನೂ ಹೊಸ್ತಿಲ ತನಕ ಹೋಗಿ
ಎಣಿಸಿ ಕೊಟ್ಟು, ಎಣಿಸಿ ತರುತ್ತಿದ್ದ.
ಆದರೆ ಬೆಳಗಿನ ಜಾವ ಒಲೆಗೆ ಸೌದೆ ಇಡುತ್ತ ಶಿಳ್ಳೆ ಹಾಕುತ್ತಿದ್ದ,
ಮೂರನೇ ಮಾಳಿಗೆಗೂ ಕೇಳುವಷ್ಟು.

ಅದೇ ಟ್ರೇಯ ಮೂಲೆಯಲ್ಲಿ ಇನ್ನೊಂದು,
ಒಣಗಿದ ಎಲೆಯ ಬಣ್ಣ, ತೂಕವೇ ಇಲ್ಲ,
ಕಾಲಲ್ಲಿ ತುಂಡು ದಾರ. ಚೀಟಿ ಇಲ್ಲ.
ಮೇಡಂ ಬೆಳಕಿಗೆ ಹಿಡಿದು ತಿರುಗಿಸಿದರು.
"ಉಲಿಯಕ್ಕಿ ಯಾವುದೋ. ಇಂಥವು ಎಷ್ಟೋ ಬಗೆ.
ಎಲ್ಲಿಯದೆಂದು ತಿಳಿಯದಿದ್ದರೆ ಬರೀ ಗರಿ. ತೆಗೆದುಬಿಡು."

ಅಪ್ಪನ ಅಂಗಡಿಯಲ್ಲಿ ಮೇಲಿನ ಹಲಗೆಯೊಂದಿತ್ತು,
ಮಸಿ ಅಳಿಸಿ ಮನೆ ಮರೆತ ಬಟ್ಟೆಗೆ.
ಒಂದು ಹಳದಿ ಫ್ರಾಕು ಒಂಬತ್ತು ವರ್ಷ ಅಲ್ಲಿತ್ತು.
ದೀಪಾವಳಿಗೊಮ್ಮೆ ಇಳಿಸಿ, ಒಗೆದು, ಮಡಿಸಿ, ಮತ್ತೆ ಏರಿಸುತ್ತಿದ್ದ.
ಮೊದಲು ನನಗೆ ದೊಡ್ಡದಾಗುತ್ತಿತ್ತು,
ಒಂದೆರಡು ವರ್ಷ ಸರಿಯಾಗುತ್ತಿತ್ತು,
ಆಮೇಲೆ ತೋಳು ಹತ್ತಲಿಲ್ಲ.
ಗುರುತಿಲ್ಲದ್ದು ನಮ್ಮದಲ್ಲವಾ ಅಂದರೆ,
"ಬಂದು ಕೇಳಿದರೆ?"

ಹಕ್ಕಿಯನ್ನು ಹತ್ತಿಯಲ್ಲಿ ಸುತ್ತಿದೆ.
ಸ್ಟೂಲು ಹತ್ತಿ ಬೀರುವಿನ ತಲೆಯ ಮೇಲಿಟ್ಟೆ.
ಸಾಲು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದೆ ಬಿಡುವುದಿಲ್ಲ.
ಹೆಸರು: ಗೊತ್ತಿಲ್ಲ.
ತಾರೀಖು: ಗೊತ್ತಿಲ್ಲ.
ಆವಾಸ: ಮೇಲಿನ ಹಲಗೆ.

ಒಪ್ಪಿಕೊಂಡಿತು.